ಪಿಯಾನೊದಲ್ಲಿ ಸ್ಪೇನಿನ ಉತ್ತರ ಸೀಮೆ: ಬಾಸ್ಕ್ ಸಂಗೀತವನ್ನು ಕೇಳಲು, ಎಣಿಸಲು, ನುಡಿಸಲು ಒಂದು ದಾರಿ

ಸ್ಪೇನಿನ ಪಿಯಾನೊ ಸಂಗೀತ ಕೇಳಬೇಕೆಂದು ಹೊರಟವರಿಗೆ ಮೊದಲು ಎದುರಾಗುವುದು ಸಂಗೀತಕಾರ ಐಸಾಕ್ ಅಲ್ಬೇನಿಸ್ ಅವರ ‘ಆಸ್ತೂರಿಯಾಸ್’ ಎಂಬ ರಚನೆ. ಹೆಸರು ಉತ್ತರದ್ದು. ಸ್ಪೇನಿನ ಉತ್ತರ ಅಂಚಿನಲ್ಲಿ, ಬೆಟ್ಟಕ್ಕೂ ಕಡಲಿಗೂ ನಡುವೆ ಇರುವ ಸೀಮೆ ಅದು. ಅಲ್ಲಿ ಮಳೆ ಹೆಚ್ಚು, ಸೇಬಿನ ತೋಟ ಹೆಚ್ಚು. ಹಬ್ಬ ಬಂತೆಂದರೆ ಗಾಯ್ತಾ ಎಂಬ ಚೀಲದ ಊದುವಾದ್ಯ ಹೊರಗೆ ಬರುತ್ತದೆ. ರಚನೆಯನ್ನು ಕೇಳಿದರೆ ಇವುಗಳಲ್ಲಿ ಒಂದೂ ಸಿಗುವುದಿಲ್ಲ. ಕೇಳಿಸುವುದು ಆಂದಲೂಸಿಯಾದ ಗಿಟಾರ್. ಆಂದಲೂಸಿಯಾ ಇರುವುದು ದೇಶದ ದಕ್ಷಿಣ ತುದಿಯಲ್ಲಿ.

ಇದಕ್ಕೊಂದು ಹಿನ್ನೆಲೆಯಿದೆ. 1886ರಲ್ಲಿ ಅಲ್ಬೇನಿಸ್ ‘ಸ್ಪ್ಯಾನಿಷ್ ಸ್ವೀಟ್’ ಎಂಬ ರಚನೆಗಳ ಮಾಲೆಗೆ ಎಂಟು ಹೆಸರುಗಳನ್ನು ಪಟ್ಟಿ ಮಾಡಿಕೊಂಡರು, ಬರೆದದ್ದು ನಾಲ್ಕನ್ನು ಮಾತ್ರ. 1909ರಲ್ಲಿ ಅವರು ತೀರಿಕೊಂಡರು. 1911ರಲ್ಲಿ ಜರ್ಮನಿಯ ಪ್ರಕಾಶಕರು ಖಾಲಿ ಉಳಿದಿದ್ದ ನಾಲ್ಕು ಹೆಸರುಗಳ ಕೆಳಗೆ ಅವರವೇ ಬೇರೆ ರಚನೆಗಳನ್ನು ಕೂರಿಸಿ ಮಾಲೆಯನ್ನು ತುಂಬಿಸಿದರು. 1892ರಲ್ಲಿ ಬಾರ್ಸಿಲೋನಾದಲ್ಲಿ ಬರೀ ‘ಪ್ರಿಲ್ಯೂಡ್’ ಎಂದು ಅಚ್ಚಾಗಿದ್ದ ಒಂದು ರಚನೆ ಹಾಗೆ ‘ಆಸ್ತೂರಿಯಾಸ್’ ಆಯಿತು. ಆ ಹೆಸರು ನೂರು ವರ್ಷ ದಾಟಿಯೂ ಅಂಟಿಕೊಂಡೇ ಇದೆ.

ಹಾಗಾದರೆ ಉತ್ತರಕ್ಕೆ ತನ್ನದೇ ಪಿಯಾನೊ ಸಂಗೀತ ಇಲ್ಲವೇ? ಧಾರಾಳವಾಗಿ ಇದೆ. ಹೆಸರು ನೋಡಿ ಹುಡುಕಿದರೆ ಸಿಗುವುದಿಲ್ಲ, ಅಷ್ಟೆ. ಎಣಿಕೆ, ಹಾಡು, ವಾದ್ಯ, ಈ ಮೂರನ್ನು ಮೊದಲು ಕಿವಿಗೆ ರೂಢಿ ಮಾಡಿಸಿ ಆಮೇಲೆ ಪಿಯಾನೊ ಹತ್ತಿರ ಬರಬೇಕು. ನಾನು ಮೊದಲು ಪಿಯಾನೊ ಕೇಳಿ ಆಮೇಲೆ ಹಾಡಿಗೆ ಹೋದವನು. ಎಷ್ಟೋ ದಿನ ಆ ರಚನೆಗಳು ನನಗೆ ಚೆಂದದ, ಆದರೆ ಊರಿಲ್ಲದ ರಾಗಗಳಾಗಿಯೇ ಇದ್ದವು. ಆದ್ದರಿಂದ ಕೆಳಗಿನ ಕ್ರಮವನ್ನು ದಯವಿಟ್ಟು ಕ್ರಮವಾಗಿಯೇ ಹಿಡಿಯಿರಿ. ಉತ್ತರದ ಸೀಮೆಗಳಲ್ಲಿ ನಾನು ಆರಿಸಿಕೊಂಡಿರುವುದು ಫ್ರಾನ್ಸಿನ ಗಡಿಗೆ ತಾಗಿದ ಬಾಸ್ಕ್ ನಾಡು. ಊರ ಹಾಡು ಪಿಯಾನೊಗೆ ಹೇಗೆ ಬಂತೆಂಬುದು ಅಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ.

1. ದಕ್ಷಿಣದ ಗುರುತು ಮೊದಲು ತಿಳಿದುಕೊಳ್ಳಿ

‘ಆಸ್ತೂರಿಯಾಸ್’ ಅನ್ನೇ ಹಚ್ಚಿ. ಶುರುವಿನಲ್ಲಿ ಒಂದೇ ಸ್ವರ ಪಟಪಟನೆ ಮರುಕಳಿಸುತ್ತದೆ, ಅದರ ಕೆಳಗೆ ಇನ್ನೊಂದು ಎಳೆ ಓಡುತ್ತದೆ. ಗಿಟಾರಿನಲ್ಲಿ ಒಂದು ತಂತಿಯನ್ನು ಬಿಡದೆ ಮೀಟುತ್ತ ಹೆಬ್ಬೆರಳಿನಿಂದ ರಾಗ ಎತ್ತುವ ರೀತಿ ಇದು. ನಡುವೆ ವೇಗ ನಿಂತು ಒಬ್ಬರೇ ಎದೆಯಾಳದಿಂದ ಹಾಡಿದಂಥ ಭಾಗ ಬರುತ್ತದೆ. ಅದು ದಕ್ಷಿಣದ ಫ್ಲಮೆಂಕೊ ಗಾಯನದ ನೆರಳು.

ಸ್ವರದ ಕಡೆಯಿಂದ ನಮ್ಮವರಿಗೆ ಒಂದು ಸುಲಭದ ಗುರುತಿದೆ. ಆಂದಲೂಸಿಯಾದ ಸಂಗೀತ ಹೆಚ್ಚಾಗಿ ನಿಲ್ಲುವ ಫ್ರಿಜಿಯನ್ ಸ್ವರಶ್ರೇಣಿ ಎಂದರೆ ನಮ್ಮ ಹನುಮತೋಡಿ ಮೇಳದ ಸ್ವರಗಳೇ. ಹಿಂದುಸ್ತಾನಿಯಲ್ಲಿ ಭೈರವಿ ಥಾಟ್. ಗಮಕ, ಸಂಚಾರ ಎಲ್ಲ ಬೇರೆ, ಆದರೆ ಆ ಕೋಮಲ ರಿಷಭ ಷಡ್ಜದ ಮೇಲೆ ಒರಗಿ ಇಳಿಯುವುದು ಕಿವಿಗೆ ಥಟ್ಟನೆ ಸಿಗುತ್ತದೆ. ಅದು ಮತ್ತೆ ಮತ್ತೆ ಕೇಳಿದರೆ ನೀವು ದಕ್ಷಿಣದಲ್ಲಿದ್ದೀರಿ. ಬಾಸ್ಕ್ ಹಾಡುಗಳಲ್ಲಿ ಆ ಒರಗುವಿಕೆ ಅಪರೂಪ. ಅವು ಒಂದು ಅಕ್ಷರಕ್ಕೆ ಒಂದು ಸ್ವರ ಇಟ್ಟುಕೊಂಡು, ಅಲಂಕಾರ ಕಡಿಮೆ ಮಾಡಿ, ನೇರವಾಗಿ ನಡೆಯುತ್ತವೆ.

2. ಐದನ್ನು ಎಣಿಸಲು ಕಲಿಯಿರಿ

ಈ ಹೆಜ್ಜೆಗೆ ಒಂದು ವಾರ ಕೊಡಿ. ಇಡೀ ದಾರಿಯ ಕೀಲಿ ಇರುವುದು ಇಲ್ಲೇ.

ಬಾಸ್ಕ್ ಲಯಗಳಲ್ಲಿ ಹೆಸರಾದದ್ದು ಸೊರ್ತ್ಸಿಕೊ. ಬಾಸ್ಕ್ ಭಾಷೆಯಲ್ಲಿ ‘ಸೊರ್ತ್ಸಿ’ ಎಂದರೆ ಎಂಟು. ಹೆಸರಿನಲ್ಲಿ ಎಂಟಿದ್ದರೂ ಪಿಯಾನೊ ರಚನೆಗಳಲ್ಲಿ ಕಾಣುವ ಸೊರ್ತ್ಸಿಕೊ ನಡೆಯುವುದು ಐದರಲ್ಲಿ. ಸ್ವರಲಿಪಿಯಲ್ಲಿ ಐದರ ಕೆಳಗೆ ಎಂಟು ಎಂದು ಬರೆದಿರುತ್ತದೆ. (ಕುಣಿತದ ಹಳೆಯ ಸೊರ್ತ್ಸಿಕೊಗಳಲ್ಲಿ ಎರಡರ ಮತ್ತು ಆರರ ನಡೆಯವೂ ಇವೆ. ಹೆಸರು ಕಂಡಲ್ಲೆಲ್ಲ ಐದು ಹುಡುಕಬೇಡಿ.)

ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಐದು ಹೊಸದಲ್ಲ. ಖಂಡಚಾಪು ಗೊತ್ತು: ತಕ ತಕಿಟ, ಎರಡು ಮತ್ತು ಮೂರು. ಸೊರ್ತ್ಸಿಕೊ ಅದೇ ಐದನ್ನು ಬೇರೆ ರೀತಿ ಒಡೆಯುತ್ತದೆ: ಒಂದು, ಎರಡು, ಎರಡು. ಅದರ ಮೇಲೆ, ಆ ಎರಡರ ಗುಂಪುಗಳನ್ನು ಸಮನಾಗಿ ಬಿಡದೆ, ಪ್ರತಿ ಗುಂಪಿನಲ್ಲೂ ಮೊದಲ ಹೊಡೆತವನ್ನು ಎಳೆದು ಎರಡನೆಯದನ್ನು ಮೊಟಕು ಮಾಡುತ್ತದೆ. ಖಂಡಚಾಪು ರೂಢಿಯಾದ ಕೈ ಇಲ್ಲಿ ತಪ್ಪುವುದು ಸಹಜ. ಕೈ ತಾನಾಗಿ ಎರಡು-ಮೂರಕ್ಕೆ ಹೋಗುತ್ತದೆ. ಆದ್ದರಿಂದ ಐದನ್ನು ದುಪ್ಪಟ್ಟು ಮಾಡಿ ಹತ್ತಕ್ಕೆ ಎಣಿಸಿ:

1 2 | 3 4 5 6 | 7 8 9 10

ಚಪ್ಪಾಳೆ ಹಾಕಬೇಕಾದ್ದು 1, 3, 6, 7, 10ಕ್ಕೆ. ಬಾಯಲ್ಲಿ ಹೇಳುವುದಾದರೆ ‘ತಾ, ತಾ..ಕ, ತಾ..ಕ’. ಎರಡನೆಯ, ಮೂರನೆಯ ‘ತಾ’ ಮೂರೆಣಿಕೆಯಷ್ಟು ಉದ್ದ, ‘ಕ’ ಒಂದೇ ಎಣಿಕೆ. ಧಾರವಾಡದ ಕಡೆ ಝಪ್‌ತಾಲ್ ಕೇಳಿ ಬೆಳೆದವರು ಹತ್ತನ್ನು ಎರಡು-ಮೂರು-ಎರಡು-ಮೂರು ಎಂದು ಒಡೆಯಲು ಹೊರಡುತ್ತಾರೆ. ಅದನ್ನು ಸ್ವಲ್ಪ ಹೊತ್ತು ಮರೆಯಬೇಕು. ಇಲ್ಲಿನ ಹತ್ತು ಎಂದರೆ ಎರಡು, ನಾಲ್ಕು, ನಾಲ್ಕು.

ಲಯಕ್ಕೆ ಟಿಕ್ ಟಿಕ್ ಎನ್ನುವ ಮೆಟ್ರೊನೋಮನ್ನು ನಿಮಿಷಕ್ಕೆ 160ಕ್ಕೆ ಇಟ್ಟು ಒಂದು ಟಿಕ್ಕಿಗೆ ಒಂದು ಎಣಿಕೆ ಹಿಡಿಯಿರಿ. ಒಂದು ಆವರ್ತಕ್ಕೆ ನಾಲ್ಕು ಸೆಕೆಂಡಿಗಿಂತ ಚೂರು ಕಡಿಮೆ ಬರುತ್ತದೆ. ಎಡಗೈ ತೊಡೆಯ ಮೇಲೆ 1, 3, 7ಕ್ಕೆ ತಟ್ಟಲಿ, ಬಲಗೈ ಐದೂ ಹೊಡೆತ ಹಾಕಲಿ. ಎರಡೂ ಕೂಡಿ ಬಂದ ಮೇಲೆ ಎಣಿಕೆಯನ್ನು ಬಾಯಿಂದ ಬಿಟ್ಟುಬಿಡಿ. ಸಾಮಾನ್ಯವಾಗಿ ಆಗುವ ತಪ್ಪು ಒಂದೇ: ಮೊದಲ ‘ತಾ’ ಚಿಕ್ಕದೆಂದು ಮನಸ್ಸಿಗೆ ಸಮಾಧಾನವಾಗದೆ ಅದನ್ನು ಎಳೆಯುತ್ತೇವೆ, ಐದು ಆರಾಗುತ್ತದೆ. ಆರಾದ ಕೂಡಲೇ ಅದು ಯಾವ ಊರಿನದೂ ಆಗಬಹುದಾದ ತೂಗುವ ಹಾಡಾಗಿಬಿಡುತ್ತದೆ. ಆ ಗಿಡ್ಡ ಮೊದಲ ಮಾತ್ರೆಯಲ್ಲೇ ಸೊರ್ತ್ಸಿಕೊದ ಬನಿ ಇದೆ. ಕಾಯಬೇಡಿ, ಮುಂದಕ್ಕೆ ಹೆಜ್ಜೆ ಇಡಿ.

3. ಹಾಡನ್ನು ಬಾಯಿಂದ ಕೇಳಿ, ವಾದ್ಯವನ್ನು ಬೀದಿಯಿಂದ ಕೇಳಿ

ಈಗ ‘ಗೆರ್ನಿಕಾಕೊ ಅರ್ಬೊಲಾ’ ಹುಡುಕಿ, ‘ಗೆರ್ನಿಕಾದ ಮರ’ ಎಂದು ಅರ್ಥ. ಹೊಸೆ ಮರಿಯಾ ಇಪರಗಿರ್ರೆ ಕಟ್ಟಿ 1853ರಲ್ಲಿ ಮ್ಯಾಡ್ರಿಡ್‌ನಲ್ಲಿ ಹಾಡಿದ ಸೊರ್ತ್ಸಿಕೊ ಇದು. ಗೆರ್ನಿಕಾ ಊರಿನ ಓಕ್ ಮರದ ಕೆಳಗೆ ಬಿಸ್ಕಾಯ ಸೀಮೆಯ ಸಭೆ ಸೇರುತ್ತಿತ್ತು, ಸೀಮೆಯ ಹಕ್ಕುಗಳನ್ನು ಕಾಯುವುದಾಗಿ ದೊರೆಗಳು ಅಲ್ಲಿ ಆಣೆ ಇಡುತ್ತಿದ್ದರು. 1937ರ ಏಪ್ರಿಲ್ 26ರಂದು ಬಾಂಬ್ ದಾಳಿಗೆ ಊರು ಸುಟ್ಟಿತು, ಮರ ಉಳಿಯಿತು. ಬಾಸ್ಕ್ ಜನ ಇಂದಿಗೂ ಈ ಹಾಡಿಗೆ ಎದ್ದು ನಿಲ್ಲುತ್ತಾರೆ. ವಾದ್ಯವಿಲ್ಲದ ಗಂಡಸರ ಮೇಳಗಾನದಲ್ಲಿ ಮೊದಲು ಕೇಳಿ. ನಿಮ್ಮ ಹತ್ತರ ಎಣಿಕೆ ಅದರ ಮೇಲೆ ಕೂರುತ್ತದೆಯೇ ನೋಡಿ.

ಹುಡುಕುವಾಗ ಒಂದು ತೊಡಕು ಬರುತ್ತದೆ. ಬಾಸ್ಕ್ ಬರವಣಿಗೆಯಲ್ಲಿ ‘ಟಿ’ ಮತ್ತು ‘ಎಕ್ಸ್’ ಅಕ್ಷರ ಜೊತೆಗೆ ಬಂದರೆ ಅದು ನಮ್ಮ ‘ಚ’, ‘ಎಕ್ಸ್’ ಒಂದೇ ಇದ್ದರೆ ‘ಶ’, ‘ಜೆಡ್’ ಇದ್ದರೆ ‘ಸ’. ಸೊರ್ತ್ಸಿಕೊದ ಕೊನೆಯಲ್ಲಿ ಸ್ಪ್ಯಾನಿಷ್ ಮುದ್ರಣಗಳು ‘ಸಿ’ ಅಕ್ಷರ ಹಾಕುತ್ತವೆ, ಬಾಸ್ಕ್ ಬರವಣಿಗೆ ‘ಕೆ’ ಹಾಕುತ್ತದೆ. ಎರಡೂ ಬಗೆಯಲ್ಲಿ ಹುಡುಕಿದರೆ ಫಲಿತಾಂಶ ಬೇರೆ ಬೇರೆ ಬರುತ್ತದೆ: ಮೊದಲನೆಯದರಲ್ಲಿ ಪಿಯಾನೊ, ಎರಡನೆಯದರಲ್ಲಿ ಹಾಡು-ಕುಣಿತ ಹೆಚ್ಚು. ಯುರೋಪಿನ ಬೇರಾವ ಭಾಷೆಗೂ ನಂಟಿಲ್ಲದ ಭಾಷೆಯಾದ್ದರಿಂದ ಊಹೆಯಿಂದ ಕಾಗುಣಿತ ಹಿಡಿಯಲಾಗದು.

ವಾದ್ಯಗಳಲ್ಲಿ ಚಿಸ್ತು ಮೊದಲು. ಮೂರೇ ತೂತಿನ ಕೊಳಲು ಅದು. ಎಡಗೈ ಒಂದರಲ್ಲೇ ಹಿಡಿದು ಊದುತ್ತಾರೆ, ಅದೇ ವಾದಕ ಬಲಗೈಯಲ್ಲಿ ಪುಟ್ಟ ಡೋಲು ಬಾರಿಸುತ್ತಾನೆ. ಪಿರನೀಸ್ ಬೆಟ್ಟದ ಆಚೆ ಬದಿಯ, ಅಂದರೆ ಫ್ರಾನ್ಸಿನ ಕಡೆಯ ಬಾಸ್ಕರು ಡೋಲಿನ ಬದಲಿಗೆ ತಂತಿ ಕಟ್ಟಿದ ಉದ್ದನೆ ಪೆಟ್ಟಿಗೆಯನ್ನು ಕೋಲಿನಿಂದ ಬಡಿಯುತ್ತಾರೆ. ಅದು ಷಡ್ಜ-ಪಂಚಮವನ್ನು ಬಿಡದೆ ಗುಂಯ್‌ಗುಡಿಸುತ್ತದೆ. ಪಿಯಾನೊದ ಎಡಗೈಯಲ್ಲಿ ಸ-ಪ ಮಾತ್ರ ಖಾಲಿಯಾಗಿ ಮಿಡಿಯುತ್ತ, ಮೇಲೆ ಬಲಗೈ ಕಿರಿದಾದ ಹರವಿನ ರಾಗ ಹಿಡಿದು ಹೋಗುತ್ತಿದ್ದರೆ ಒಬ್ಬನೇ ಮನುಷ್ಯ ಕೊಳಲು-ಡೋಲು ಹಿಡಿದು ಚೌಕದಲ್ಲಿ ನಿಂತ ಚಿತ್ರ ಕಣ್ಣ ಮುಂದೆ ತಂದುಕೊಳ್ಳಿ. ಇಬ್ಬರು ಎದುರುಬದುರು ನಿಂತು ಮರದ ಹಲಗೆ ಕುಟ್ಟುವ ಚಾಲಪರ್ತಾವನ್ನೂ ಒಮ್ಮೆ ಕೇಳಿ. ಪಿಯಾನೊಗೆ ಅದು ಅಷ್ಟಾಗಿ ಬಂದಿಲ್ಲ, ಆದರೂ ಕೇಳದೆ ಬಿಡಬಾರದು.

4. ಅಲ್ಬೇನಿಸ್‌ಗೆ ಮರಳಿ ಬನ್ನಿ

ಅಲ್ಬೇನಿಸ್ ಹುಟ್ಟಿದ್ದು 1860ರಲ್ಲಿ, ಕತಲೂನ್ಯಾದ ಕಾಂಪ್ರೊದೊನ್ ಎಂಬ ಬೆಟ್ಟದೂರಿನಲ್ಲಿ. ಸುಂಕದ ಇಲಾಖೆಯಲ್ಲಿದ್ದ ಅವರ ತಂದೆ ಬಾಸ್ಕ್ ನಾಡಿನ ವಿತೋರಿಯಾದವರು. ಬದುಕಿನುದ್ದಕ್ಕೂ ದಕ್ಷಿಣಕ್ಕೇ ಮನಸೋತಿದ್ದ ಅವರು ಕೊನೆಯುಸಿರೆಳೆದದ್ದು ಕಾಂಬೊ-ಲೆ-ಬೇನ್‌ನಲ್ಲಿ, ಅದು ಫ್ರಾನ್ಸಿನ ಗಡಿಯೊಳಗಿನ ಬಾಸ್ಕ್ ಊರು. ನಲವತ್ತೊಂಬತ್ತು ತುಂಬಲು ಹನ್ನೊಂದು ದಿನ ಉಳಿದಿತ್ತು.

1890ರ ಅವರ ‘ಎಸ್ಪಾನ್ಯಾ’ ಮಾಲೆಯಲ್ಲಿ ಆರು ರಚನೆಗಳಿವೆ. ಎಲ್ಲರಿಗೂ ಗೊತ್ತಿರುವುದು ಎರಡನೆಯದಾದ ‘ಟ್ಯಾಂಗೊ’. ನಿಮಗೆ ಬೇಕಾದ್ದು ಕೊನೆಯದು, ‘ಸೊರ್ತ್ಸಿಕೊ’. ಹತ್ತರ ಎಣಿಕೆ ಕಲಿತು ಬಂದಿದ್ದರೆ ಮೊದಲ ಆವರ್ತದಲ್ಲೇ ಗುರುತು ಸಿಗುತ್ತದೆ, ಹಳೆಯ ಪರಿಚಯದವರು ದಾರಿಯಲ್ಲಿ ಸಿಕ್ಕ ಹಾಗೆ. ಅಲಿಸಿಯಾ ದೆ ಲಾರೋಚಾ (1923–2009) ಅಲ್ಬೇನಿಸ್‌ರನ್ನು ನುಡಿಸುವ ರೀತಿ ಎಲ್ಲಕ್ಕಿಂತ ನನಗೆ ಹೆಚ್ಚು ಇಷ್ಟ. ಲಯವನ್ನು ಬಿಗಿಯಾಗಿ ಹಿಡಿದೂ ರಾಗಕ್ಕೆ ಉಸಿರಾಡಲು ಜಾಗ ಬಿಡುತ್ತಾರೆ.

ಆದರೂ ಒಂದು ಮಾತು ನೇರವಾಗಿ ಹೇಳಬೇಕು. ಅಲ್ಬೇನಿಸ್‌ರ ಸೊರ್ತ್ಸಿಕೊ ಒಬ್ಬ ಪ್ರವಾಸಿಯ ಚಿತ್ರ. ಪ್ರೀತಿಯಿಂದ ಬರೆದದ್ದು, ಚೆನ್ನಾಗಿಯೂ ಇದೆ, ಆದರೆ ಆ ಊರಲ್ಲಿ ರಾತ್ರಿ ಕಳೆದವರ ದನಿ ಅದರಲ್ಲಿಲ್ಲ. ಆ ದನಿಗೆ ಮುಂದಿನ ಹೆಜ್ಜೆ.

5. ಆಯಿತಾ ದೊನೊಸ್ತಿಯಾ ಅವರ ಜೊತೆ ಕೂತುಕೊಳ್ಳಿ

ಸಾನ್ ಸೆಬಾಸ್ತಿಯಾನ್ ಊರಿಗೆ ಬಾಸ್ಕ್ ಭಾಷೆಯಲ್ಲಿ ದೊನೊಸ್ತಿಯಾ ಎಂದು ಹೆಸರು. ‘ಆಯಿತಾ’ ಎಂದರೆ ಅಪ್ಪ, ಪಾದ್ರಿಗಳನ್ನು ಕರೆಯುವುದೂ ಹಾಗೆಯೇ. 1886ರಲ್ಲಿ ಆ ಊರಲ್ಲಿ ಹುಟ್ಟಿ ಕಪುಚಿನ್ ಎಂಬ ಕ್ಯಾಥೊಲಿಕ್ ಪಂಥದ ಸನ್ಯಾಸಿಯಾದ ಇವರು ಪಂಥದ ವಾಡಿಕೆಯಂತೆ ಊರ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡರು. ಊರ ಹೆಸರನ್ನೇ ಅಡ್ಡಹೆಸರಾಗಿ ಹೊತ್ತ ಎಷ್ಟೋ ಮನೆತನಗಳಿರುವ ನಮಗೆ ಇದು ಬೇಗ ಅರ್ಥವಾಗುತ್ತದೆ. ನವಾರ್ರಾದ ಬಸ್ತಾನ್ ಕಣಿವೆಯ ಲೆಕಾರೊಸ್‌ನಲ್ಲಿದ್ದ ಕಪುಚಿನ್ ವಿದ್ಯಾಲಯ ಅವರ ಮನೆ, 1956ರಲ್ಲಿ ತೀರಿಕೊಂಡದ್ದೂ ಅಲ್ಲೇ.

ಅವರು ಹಾಡು ಸಂಗ್ರಹಿಸುತ್ತ ಊರೂರು ತಿರುಗಿದವರು. 1912ರಲ್ಲಿ ಬಾಸ್ಕ್ ಸೀಮೆಗಳ ಆಡಳಿತಗಳು ಜನಪದ ಹಾಡುಗಳ ಒಳ್ಳೆಯ ಸಂಗ್ರಹಕ್ಕೆ ಸ್ಪರ್ಧೆ ಏರ್ಪಡಿಸಿದವು. ಮೊದಲ ಬಹುಮಾನ ಬಂದದ್ದು ರೆಸುರೆಕ್ಸಿಯೋನ್ ಮರಿಯಾ ದೆ ಅಸ್ಕುವೆ ಎಂಬ ಪಾದ್ರಿಗೆ, ಎರಡನೆಯದು ದೊನೊಸ್ತಿಯಾ ಅವರಿಗೆ. ಇವರ ಸಂಗ್ರಹ 1921ರಲ್ಲಿ ‘ಎಉಸ್ಕೆಲ್ ಎರೆಸ್-ಸೊರ್ತಾ’ ಎಂಬ ಹೆಸರಿನಲ್ಲಿ ಅಚ್ಚಾಯಿತು. ಅಜ್ಜಿಯರ ಜೋಗುಳ, ಸುಗ್ಗಿಯ ಹಾಡು, ಮದುವೆಯ ಹಾಡು, ಸಾವಿನ ಹಾಡು: ಕಿವಿ ತುಂಬಾ ಇವನ್ನೇ ಹೊತ್ತವರು ಪಿಯಾನೊ ಮುಂದೆ ಕೂತರೆ ಏನು ಹೊರಗೆ ಬರುತ್ತದೆ ಎಂಬುದಕ್ಕೆ ಅವರ ‘ಬಾಸ್ಕ್ ಪ್ರಿಲ್ಯೂಡ್‌ಗಳು’ ಉತ್ತರ. ಹೆಚ್ಚಿನವು 1910ರ ದಶಕದವು, ಎಲ್ಲವೂ ಚಿಕ್ಕವು. ಬೆರಳಿನ ಚಮತ್ಕಾರ ಹುಡುಕಿದರೆ ನಿರಾಸೆಯಾಗುತ್ತದೆ.

‘ಒನ್ಯಾಸೆಸ್’ ಎಂಬುದರಿಂದ ಆರಂಭಿಸಿ, ‘ನೋವಿನಿಂದ’ ಎಂದು ಅರ್ಥ. ಮೊದಲ ಸಲ ಸುಮ್ಮನೆ ಕೇಳಿ. ಎರಡನೆಯ ಸಲ ಬಲಗೈಯ ರಾಗವನ್ನು ಮಾತ್ರ ಹಿಂಬಾಲಿಸಿ. ಪದವಿಲ್ಲದಿದ್ದರೂ ಎಲ್ಲಿ ಸಾಲು ಮುಗಿಯಿತು, ಎಲ್ಲಿ ಹಾಡುಗಾರರು ಉಸಿರು ತೆಗೆದುಕೊಂಡರು ಎಂಬುದು ತಿಳಿಯುತ್ತದೆ. ಮೂರನೆಯ ಸಲ ಆ ರಾಗವನ್ನು ಗುನುಗಿ. ಗುನುಗಲು ಬಂದರೆ ಅದು ಹಾಡಿನಿಂದ ಹುಟ್ಟಿದ ರಚನೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆಮೇಲೆ ಉಳಿದ ಪ್ರಿಲ್ಯೂಡ್‌ಗಳಿಗೆ ಹೋಗಿ, ದಿನಕ್ಕೆ ಒಂದು ಅಥವಾ ಎರಡು, ಅದಕ್ಕಿಂತ ಹೆಚ್ಚು ಬೇಡ. ಜೋರ್ದಿ ಮಾಸೊ ನುಡಿಸಿದ ಧ್ವನಿಮುದ್ರಣ ಸುಲಭವಾಗಿ ಸಿಗುತ್ತದೆ.

ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾದಾಗ ದೊನೊಸ್ತಿಯಾ ಫ್ರಾನ್ಸಿಗೆ ಹೋಗಬೇಕಾಯಿತು, ಮರಳಿದ್ದು 1943ರಲ್ಲಿ. ಬಾಸ್ಕ್ ಭಾಷೆಯನ್ನು ಹೊರಗೆ ಆಡುವುದೇ ಕಷ್ಟವಾಗಿದ್ದ ವರ್ಷಗಳವು. ಹಾಡು ಕೂಡಿಟ್ಟವರ ಕೆಲಸ ಆಗ ಎಷ್ಟು ಬೆಲೆಬಾಳಿತು ಎಂಬುದನ್ನು ಆ ಪ್ರಿಲ್ಯೂಡ್‌ಗಳನ್ನು ಕೇಳುವಾಗಲೆಲ್ಲ ನೆನೆಯುತ್ತೇನೆ.

6. ಉಳಿದವರನ್ನು ಪರಿಚಯ ಮಾಡಿಕೊಳ್ಳಿ

ಹೆಸುಸ್ ಗುರಿದಿ (1886–1961) ವಿತೋರಿಯಾದವರು, ಬಿಲ್ಬಾವೊದಲ್ಲಿ ಆರ್ಗನ್ ವಾದಕರಾಗಿದ್ದರು. ಪಿಯಾನೊಗೆ ಅವರ ‘ವಾಸ್ಕೋನಿಯಾ’ ಇದೆ, ಮೂರು ರಚನೆಗಳ ಗುಚ್ಛ. ಒಂದರ ಹೆಸರಿನಲ್ಲಿರುವ ಚಾಕೊಲಿ ಎಂದರೆ ಆ ಕರಾವಳಿಯ ತುಸು ಹುಳಿಯಾದ ಬಿಳಿ ವೈನ್; ಇನ್ನೊಂದು ಹಳೆಯ ಗಂಟೆಗಳ ಕುರಿತದ್ದು. ಇದಕ್ಕೂ ಮೊದಲು ಅವರ ‘ಹತ್ತು ಬಾಸ್ಕ್ ಮಧುರಗೀತೆಗಳು’ ವಾದ್ಯವೃಂದದಲ್ಲಿ ಕೇಳಿದರೆ ಒಳ್ಳೆಯದು, ಒಂಬತ್ತನೆಯದಾದ ಶೋಕಗೀತೆಯನ್ನಂತೂ ಬಿಡಬೇಡಿ. ಸಾನ್ ಸೆಬಾಸ್ತಿಯಾನಿನ ಹೊಸೆ ಮರಿಯಾ ಉಸಾಂದಿಸಾಗ 1915ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿಗೆ ಕ್ಷಯದಿಂದ ತೀರಿಕೊಂಡರು. ಹೆಸರಾದದ್ದು ನಾಟಕ ಸಂಗೀತದಿಂದ. ಪಕ್ಕದ ನವಾರ್ರಾ ಬೇಕೆಂದರೆ ಹೊಆಕಿನ್ ಲಾರ್ರೆಗ್ಲಾ ಅವರ ‘ವಿವಾ ನವಾರ್ರಾ’. ಇದು ಮೂರರ ನಡೆಯ ಖೋತಾ ಕುಣಿತ, ಇಲ್ಲಿ ಬೆರಳಿಗೂ ಸಾಕಷ್ಟು ಕೆಲಸವಿದೆ.

7. ನುಡಿಸುವವರಿಗೆ

ಬೆಂಗಳೂರು, ಮಂಗಳೂರಿನಲ್ಲಿ ಗ್ರೇಡ್ ಪರೀಕ್ಷೆಗೆ ಪಿಯಾನೊ ಕಲಿಯುತ್ತಿರುವವರು ನಡುಹಂತ ದಾಟಿದ್ದರೆ ಅಲ್ಬೇನಿಸ್‌ರ ಸೊರ್ತ್ಸಿಕೊ ಕೈಗೆತ್ತಿಕೊಳ್ಳಬಹುದು. ಎಡಗೈಯನ್ನು ಒಂಟಿಯಾಗಿ, ಹತ್ತರ ಎಣಿಕೆಯಲ್ಲಿ, ರಾಗವನ್ನು ಬಾಯಲ್ಲಿ ಹಾಡುತ್ತ ಕಲಿಯಿರಿ. ಪೆಡಲನ್ನು ಮೊದಲ ವಾರ ಮುಟ್ಟಬೇಡಿ. ಮೊಟಕು ಸ್ವರಗಳು, ಅಂದರೆ 6 ಮತ್ತು 10, ಪೆಡಲಿನಡಿ ಮಸುಕಾದರೆ ಲಯವೇ ಕಾಣೆಯಾಗುತ್ತದೆ. ದೊನೊಸ್ತಿಯಾಗೆ ಇದರ ಉಲ್ಟಾ: ಅಲ್ಲಿ ಪೆಡಲ್ ಬೇಕೇ ಬೇಕು, ಕೀಲಿಗೆ ತೂಕವೂ ಬೇಕು. ಮನೆಯಲ್ಲಿರುವುದು 61 ಕೀಲಿಯ ಕೀಬೋರ್ಡ್ ಆದರೆ ರಾಗ ಹಿಡಿಯಲು ಸಾಕು, ಮೆದುವಾದ ನಾದದ ಹದ ಅದರಲ್ಲಿ ಸಿಗದು. ವಾರಕ್ಕೊಮ್ಮೆಯಾದರೂ ನಿಜವಾದ ಪಿಯಾನೊ ಮುಂದೆ ಕೂರುವ ದಾರಿ ಹುಡುಕಿ.

ಸ್ವರಲಿಪಿಯ ಹಕ್ಕುಗಳ ಬಗ್ಗೆ ತಿಳಿದಿರಬೇಕು. ಅಲ್ಬೇನಿಸ್ ಎಲ್ಲ ಕಡೆ ಮುಕ್ತ. ಭಾರತದಲ್ಲಿ ಹಕ್ಕು ಇರುವುದು ಕೃತಿಕಾರರು ತೀರಿದ ಮೇಲೆ 60 ವರ್ಷ, ಆದ್ದರಿಂದ ದೊನೊಸ್ತಿಯಾ ಅವರ ರಚನೆಗಳು ಇಲ್ಲಿ 2017ರಿಂದ ಮುಕ್ತ, ಗುರಿದಿ ಅವರವು 2022ರಿಂದ. ಸ್ಪೇನಿನಲ್ಲಿ ಆ ತಲೆಮಾರಿನವರಿಗೆ 80 ವರ್ಷದ ಲೆಕ್ಕ. ಯುರೋಪಿನಲ್ಲಿರುವ ಕನ್ನಡಿಗರು ಕಛೇರಿಯಲ್ಲಿ ನುಡಿಸುವ ಅಥವಾ ಧ್ವನಿಮುದ್ರಿಸಿ ಹಾಕುವ ಮೊದಲು ಅಲ್ಲಿನ ಕಾನೂನು ನೋಡಿಕೊಳ್ಳಬೇಕು. ಇತ್ತೀಚಿನ ಸಂಪಾದಿತ ಮುದ್ರಣಗಳಿಗೆ ಬೇರೆಯೇ ಹಕ್ಕು ಇರಬಹುದು, ಸಾಧ್ಯವಿದ್ದರೆ ಕೊಂಡುಕೊಳ್ಳಿ.

8. ಆ ಕಡೆ ಹೋಗುವವರಿಗೆ

ಬಿಲ್ಬಾವೊದಲ್ಲಿ ಇಳಿದು ಎಉಸ್ಕೊತ್ರೆನ್ ಎಂಬ ಸ್ಥಳೀಯ ರೈಲಿನಲ್ಲಿ ಗೆರ್ನಿಕಾಕ್ಕೆ ಹೋಗಬಹುದು. ಸಭಾಮಂದಿರದ ಅಂಗಳದಲ್ಲಿ ಈಗಿನ ಎಳೆಯ ಓಕ್ ಮರ ಇದೆ, ಹಿಂದಿನ ಮರವೊಂದರ ಕಾಂಡವನ್ನು ಕಂಬಗಳ ಪುಟ್ಟ ಮಂಟಪದೊಳಗೆ ಉಳಿಸಿಕೊಂಡಿದ್ದಾರೆ. ಅಲ್ಲಿಂದ ಸಾನ್ ಸೆಬಾಸ್ತಿಯಾನ್. ಆಗಸ್ಟಿನಲ್ಲಿ ಹೋದರೆ 1939ರಿಂದ ನಡೆದುಬಂದಿರುವ ಸಂಗೀತೋತ್ಸವ ಸಿಗುತ್ತದೆ. ಜನವರಿ 20ಕ್ಕೆ ಹೋದರೆ ಇಡೀ ಊರು ದಿನವಿಡೀ ಡೋಲು ಬಾರಿಸುತ್ತಿರುತ್ತದೆ. ಸಾನ್ ಸೆಬಾಸ್ತಿಯಾನಿನಿಂದ ಗಡಿಯ ಕಡೆ ಹೋಗುವ ‘ತೋಪೊ’ ರೈಲು ಹತ್ತಿ ಎರ್ರೆಂತೆರಿಯಾದಲ್ಲಿ ಇಳಿದರೆ ಎರೆಸ್ಬಿಲ್ ಎಂಬ ಬಾಸ್ಕ್ ಸಂಗೀತದ ದಾಖಲೆಮನೆ ಇದೆ, 1974ರಲ್ಲಿ ಶುರುವಾದದ್ದು. ಸ್ವರಲಿಪಿ ನೋಡಬೇಕಿದ್ದರೆ ಯಾವ ರಚನೆ, ಯಾರದು ಎಂದು ಮೊದಲೇ ಬರೆದು ತಿಳಿಸಿ ಹೋಗಿ. ಹತ್ತಿರದ ಒಯಾರ್ತ್ಸುನ್‌ನಲ್ಲಿ ಸೊಯಿನುಎನೆಯಾ ಎಂಬ ಜನಪದ ವಾದ್ಯಗಳ ಮನೆ ಇದೆ. ಕೇಳಿದ್ದನ್ನೆಲ್ಲ ಕಣ್ಣಾರೆ ಕಾಣಲು ಅದಕ್ಕೊಂದು ಅರ್ಧ ದಿನ ಇಟ್ಟುಕೊಳ್ಳಿ.

ಊರ ಚೌಕದಲ್ಲಿ, ಮದುವೆಯ ಮನೆಯ ಮುಂದೆ, ಯಾರಿಗಾದರೂ ಗೌರವ ಸಲ್ಲಿಸುವಲ್ಲಿ ಔರ್ರೆಸ್ಕು ಕುಣಿಯುವುದು ಕಂಡರೆ ಮಾತು ನಿಲ್ಲಿಸಿ ಬದಿಗೆ ನಿಲ್ಲಿ. ಗೌರವ ಪಡೆಯುವವರು ಅಲುಗಾಡದೆ ನಿಂತಿರುತ್ತಾರೆ, ಅವರ ಎದುರು ಒಬ್ಬರು ಕಾಲನ್ನು ತಲೆಯ ಎತ್ತರಕ್ಕೆ ಎತ್ತಿ ಕುಣಿಯುತ್ತಾರೆ, ಪಕ್ಕದಲ್ಲಿ ಚಿಸ್ತು ಮತ್ತು ಡೋಲು. ಫೋನ್ ಎತ್ತುವ ಮೊದಲು ಒಮ್ಮೆ ಹತ್ತರವರೆಗೆ ಎಣಿಸಿ ನೋಡಿ.